ನಿಂಗಮ್ಮನಿಗೆ ಬಿಟ್ಟ ಜಾಗ

ಬಿಡದಿಗೆ ಬಂದ ಮೊದಲ ವಾರವೇ ನಾನು ಒಂದು ಮದುವೆ ಮನೆಯ ಬಾಯಿ ಮುಚ್ಚಿಸಿಬಿಟ್ಟೆ. ಪಕ್ಕದ ಮನೆಯ ಜಯಕ್ಕ ಚಪ್ಪರದಡಿ ಕೂತು ಸೋಬಾನೆ ಹಾಡುತ್ತಿದ್ದಳು. ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ, ಯಾರೂ ಎತ್ತಿಕೊಳ್ಳುವುದಿಲ್ಲ, ತಾನೇ ಮುಂದಿನ ಸಾಲಿಗೆ ಹೋಗುತ್ತಾಳೆ. ಪಾಪ, ಒಬ್ಬಳೇ ಹಾಡುತ್ತಿದ್ದಾಳಲ್ಲ ಎಂದು ನಾನು ದನಿಗೂಡಿಸಿದೆ. ಎಲೆ ಅಡಿಕೆ ಹಂಚುತ್ತಿದ್ದ ಕೈಗಳು ನಿಂತವು. ಹತ್ತಿರವಿದ್ದ ಅಜ್ಜಿಯೊಬ್ಬಳು ನನ್ನ ತೊಡೆ ತಟ್ಟಿ, "ಸುಮ್ಕಿರಮ್ಮಿ, ಅದು ನಿಂಗಮ್ಮನ ಸಾಲು" ಅಂದಳು. ಆ ನಿಂಗಮ್ಮ ಎದುರಿನ ಕಂಬಕ್ಕೆ ಒರಗಿ, ತುಟಿ ಬಿಗಿದುಕೊಂಡು ಕೂತಿದ್ದಳು.

ನಮ್ಮ ಗದಗಿನವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಭಜನೆ ನಡೆದಿದ್ದರೆ ದಾರಿಯಲ್ಲಿ ಹೋಗುವವನೂ ತಾಳ ಎತ್ತಿಕೊಂಡು ಕೂತುಬಿಡುತ್ತಾನೆ, ಯಾರೂ ಯಾಕೆಂದು ಕೇಳುವುದಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಇಲ್ಲಿ ಸೋಬಾನೆಗೆ ಜೋಡಿ ಇರುತ್ತದೆ. ಒಬ್ಬಳು ಹೇಳುವವಳು, ಇನ್ನೊಬ್ಬಳು ಅದೇ ಸಾಲನ್ನು ಎತ್ತಿಕೊಂಡು ತಿರುಗಿಸುವವಳು. ಜಯಕ್ಕ, ನಿಂಗಮ್ಮ ವಾರಗಿತ್ತಿಯರು, ಒಂದೇ ಮನೆಗೆ ಸೊಸೆಯಾಗಿ ಬಂದವರು. ಊರಿನ ಹೆಣ್ಣುಮಕ್ಕಳನ್ನೆಲ್ಲ ಇಬ್ಬರೂ ಸೇರಿ ಹಾಡಿ ಕಳಿಸಿದ್ದರು. ಫ್ಯಾಕ್ಟರಿಗಳು ಬಂದು ಜಮೀನು ಹೋದ ಮೇಲೆ ಅಣ್ಣತಮ್ಮಂದಿರು ಪಾಲಿಗಾಗಿ ಕಿತ್ತಾಡಿ ಬೇರೆಯಾದರು. ನಿಂಗಮ್ಮ ಗಂಡ ಮಕ್ಕಳೊಂದಿಗೆ ತವರಾದ ಹೊಂಗನೂರಿಗೆ ಹೋಗಿ ರೇಷ್ಮೆ ಹುಳು ಸಾಕುತ್ತಿದ್ದಳು. ಜಯಕ್ಕ ಸಾಲು ಬಿಟ್ಟು ಕಾಯುತ್ತಿದ್ದದ್ದು, ಇವಳು ಬಾಯಿ ಬಿಡದೆ ಕೂತದ್ದು, ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಆ ನಾಚಿಕೆಯಲ್ಲಿ ಎಷ್ಟೋ ದಿನ ಹೊರಗೆ ಕಾಲಿಡಲಿಲ್ಲ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಗಂಡ ಶಿಫ್ಟಿಗೆ ಹೋದರೆ, ಶೀಟಿನ ಛಾವಣಿಯ ಆ ಒಂದೇ ಕೋಣೆಯಲ್ಲಿ ನಾನು, ನನ್ನ ಗಿಟಾರು. ಇಲ್ಲಿ ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿಯುವಷ್ಟರಲ್ಲಿ ಗಂಟಲಿಗೂ ನನಗೂ ಸಾಕಾಯಿತು. ರೊಟ್ಟಿ ಬಡಿಯುವ ಸದ್ದು ಕೇಳದೆ ಬೆಳಗಾಗುವುದಕ್ಕೆ ಮಾತ್ರ ಇಂದಿಗೂ ಒಗ್ಗಿಲ್ಲ. ನಾನು ಮಾತಾಡಿದರೆ ಅಂಗಡಿಯವನು ನಗುತ್ತಿದ್ದ, ಅವನು ಮಾತಾಡಿದರೆ ನಾನು ನಗಬಾರದು.

ಒಂದು ದಿನ ಜಯಕ್ಕ ತಾನಾಗಿಯೇ ಬಾಗಿಲಿಗೆ ಬಂದಳು. ಬೈಯಲು ಬಂದಳೆಂದುಕೊಂಡೆ. "ನೀ ಎತ್ಕಂಡಾಗ ಅವ್ಳ ಮೊಕ ನೋಡ್ದಾ? ಉರ್ದೋಯ್ತು," ಅಂದಳು. "ಇನ್ನೊಂದ್ಸಲ ಹಾಡಮ್ಮಿ ನನ್ ಜೊತೆ. ಉರೀಲಿ. ತಡೀನಾರ್ದೆ ಬತ್ತಾಳೆ."

ನಾನು ಧಾರವಾಡದಲ್ಲಿ ಓದುವಾಗ ಜನಪದ ಹಾಡಿಗೆ ಗಿಟಾರು, ಡ್ರಮ್ಸು ಸೇರಿಸಿ ಹಾಡುತ್ತಿದ್ದವಳು. ನನ್ನದೇ ಒಂದು ಆಲ್ಬಮ್ ಆಗಬೇಕೆಂಬ ಹುಚ್ಚು ಇತ್ತು. ಜಯಕ್ಕನಿಗೆ ನಿಂಗಮ್ಮ ಬೇಕಿತ್ತು, ನನಗೆ ಹಾಡು ಬೇಕಿತ್ತು. ಹೀಗೆ ನನ್ನ ಮೊದಲ ಆಲ್ಬಮ್ಮು ಪೂರಾ ಜೋಡಿ ಹಾಡುಗಳದ್ದಾಯಿತು. ಬೆಂಗಳೂರಿನ ಸ್ಟುಡಿಯೋದವರು ಒಬ್ಬೊಬ್ಬರನ್ನೇ ಗಾಜಿನ ಕೋಣೆಗೆ ಕಳಿಸಿದರೆ ಜಯಕ್ಕನಿಗೆ ದನಿಯೇ ಏಳಲಿಲ್ಲ. ಎದುರಿಗೆ ಮುಖ ಇಲ್ಲದೆ ಯಾರಿಗೆ ಹೇಳುವುದು ಎಂದು ಕೇಳಿದಳು. ಕೊನೆಗೆ ಇಬ್ಬರನ್ನೂ ಒಂದೇ ಮೈಕಿನ ಮುಂದೆ ನಿಲ್ಲಿಸಿದರು.

ಕೊನೆಯದು ಹೆಣ್ಣು ಒಪ್ಪಿಸುವ ಹಾಡು. ನಾನು ಎತ್ತಿಕೊಳ್ಳಲು ಬಾಯಿ ತೆರೆದಾಗ ಜಯಕ್ಕ ಕೈ ಅಡ್ಡ ಹಿಡಿದಳು. "ಇದು ಬ್ಯಾಡ. ಇದ ಅವ್ಳಿಗೆ ಬುಡು." ಹಾಗಾಗಿ ಆ ಹಾಡಿನಲ್ಲಿ ಜಯಕ್ಕನ ಒಂದು ಸಾಲು, ಆಮೇಲೆ ಒಂದು ಸಾಲಿನಷ್ಟು ಖಾಲಿ. ಅಲ್ಲಿ ಗಿಟಾರನ್ನೂ ನಿಲ್ಲಿಸಿದೆ. ಇಡೀ ಆಲ್ಬಮ್ಮಿನಲ್ಲಿ ನನಗೆ ಇಷ್ಟವಾದದ್ದು ಆ ಖಾಲಿ ಜಾಗವೇ.

ಸೀಡಿ ರಾಮನಗರ, ಮಾಗಡಿಯ ಛತ್ರಗಳಿಗೆಲ್ಲ ಹೋಯಿತು. ಗೆದ್ದೆ ಎಂದುಕೊಂಡೆ. ಆದರೆ ಸೀಡಿ ಹಾಕಿದ ಮದುವೆಯಲ್ಲಿ ಹೆಂಗಸರು ಹಾಡಲು ಕೂರುವುದನ್ನೇ ಬಿಟ್ಟರು. ಜಯಕ್ಕನಿಗೆ ಕರೆ ಬರುವುದು ಕಡಿಮೆಯಾಯಿತು. ಅವಳ ದನಿ ಎಲ್ಲ ಕಡೆಯೂ ಇತ್ತು, ಅವಳು ಮಾತ್ರ ಮನೆಯಲ್ಲಿ ಇರುತ್ತಿದ್ದಳು. ನಿಂಗಮ್ಮನೂ ಬರಲಿಲ್ಲ.

ಅಷ್ಟರಲ್ಲಿ ನಿಂಗಮ್ಮನ ಮಗಳ ಮದುವೆ ಚನ್ನಪಟ್ಟಣದ ಛತ್ರವೊಂದರಲ್ಲಿ ಗೊತ್ತಾಯಿತು. ಗಂಡು ನನ್ನ ಗಂಡನ ಜೊತೆ ಕೆಲಸ ಮಾಡುವವನು, ಅವನ ಕಡೆಯಿಂದ ನಮಗೆ ಕರೆಯೋಲೆ ಬಂತು. ಸ್ವಂತ ದೊಡ್ಡಮ್ಮನಾದ ಜಯಕ್ಕನಿಗೆ ಬರಲಿಲ್ಲ. ಹೊರಡುವಾಗ ಅವಳು ಸೀಡಿಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. "ಹೆಣ್ಣೊಪ್ಸೋ ಹೊತ್ಗೆ ಕಡೇದ ಹಾಕ್ಸು. ನನ್ ಸಾಲು ಕಿವೀಗ್ ಬಿದ್ರೆ ಅವ್ಳ್ ಬಾಯಿ ಸುಮ್ಕಿರಲ್ಲ."

ಮೈಕ್ ಸೆಟ್ಟಿನವನಿಗೆ ಹೇಳಿ ಹಾಕಿಸಿದೆ. ನಿಂಗಮ್ಮ ಮಗಳ ಕೈಯನ್ನು ಬೀಗಿತ್ತಿಯ ಕೈಗೆ ಇಡುತ್ತಿದ್ದಳು. ಛತ್ರದ ತುಂಬ ಜಯಕ್ಕನ ದನಿ ಎದ್ದಿತು. ಒಂದು ಸಾಲು ಮುಗಿಯಿತು. ಖಾಲಿ ಜಾಗ ಬಂತು. ನಿಂಗಮ್ಮ ತಲೆ ಎತ್ತಿದಳು. ಅವಳ ಕತ್ತಿನ ನರ ಉಬ್ಬಿದ್ದು, ತುಟಿ ಬಿಚ್ಚಿದ್ದು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಮೈಕ್ ಸೆಟ್ಟಿನವನು ಸೀಡಿ ಸಿಕ್ಕಿಹಾಕಿಕೊಂಡಿತೆಂದು ಗುಂಡಿ ಒತ್ತಿ, ಅದೇ ಸೀಡಿಯ ಬೇರೆ ಹಾಡು ಹಾಕಿಬಿಟ್ಟ. ಅದರಲ್ಲಿ ಜಯಕ್ಕ ಹೇಳುತ್ತಿದ್ದಳು, ನಾನು ಎತ್ತಿಕೊಳ್ಳುತ್ತಿದ್ದೆ, ಹಿಂದೆ ಡ್ರಮ್ಸು ಬಡಿಯುತ್ತಿತ್ತು. ಓಡಿಹೋಗಿ ಮತ್ತೆ ಹಾಕಿಸುವಷ್ಟರಲ್ಲಿ ಹುಡುಗಿ ಕಾರು ಹತ್ತಿಯಾಗಿತ್ತು.

ಊಟದ ಕೊನೆಯ ಪಂಕ್ತಿಯಲ್ಲಿ ನಿಂಗಮ್ಮ ನನ್ನ ಎಲೆಗೆ ತಾನೇ ಪಾಯಸ ಬಡಿಸಿದಳು. "ಚೆಂದಾಗಿ ಎತ್ಕತೀಯ ಕಣಮ್ಮಿ," ಅಂದಳು. "ಇನ್ಮ್ಯಾಲೆ ಅವ್ಳ ಜೋಡಿ ನೀನೇ." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಪಾಯಸ ಮುಟ್ಟದೆ ಎಲೆ ಮಡಚಿ ಎದ್ದೆ.

ಜಯಕ್ಕ ಬಸ್‌ಸ್ಟಾಪಿಗೇ ಬಂದು ಕಾಯುತ್ತಿದ್ದಳು. ನಡೆದದ್ದನ್ನು, ನಿಂಗಮ್ಮ ಅಂದದ್ದನ್ನೂ ಸೇರಿಸಿ, ನಡೆದಂತೆ ಹೇಳಿದೆ. "ಬಾಯ್ ತೆಗುದ್ಲಾ?" ಎಂದಷ್ಟೇ ಕೇಳಿದಳು. ತೆಗೆದಳು ಅಂದೆ. ಆಮೇಲೆ ನನ್ನೊಂದಿಗೆ ಅವಳು ಹಾಡಲಿಲ್ಲ. ಅಡುಗೆ ಮಾಡಿದರೆ ಒಸಿ ಸಾರು ತಂದುಕೊಡುತ್ತಾಳೆ, ಸುಖದುಃಖ ಹೇಳಿಕೊಳ್ಳುತ್ತಾಳೆ. ಹಾಡಿನ ಮಾತು ಬಂದರೆ ಎದ್ದು ಹೋಗುತ್ತಾಳೆ.

ಊರಿನ ಹೆಂಗಸರು ಈಗ ನನ್ನನ್ನು ಹೊರಗಿನವಳೆಂದು ನೋಡುವುದಿಲ್ಲ. ಮದುವೆಗೆ ಹೋದರೆ ಜಯಕ್ಕನ ಪಕ್ಕ ಜರುಗಿ ಜಾಗ ಮಾಡಿಕೊಡುತ್ತಾರೆ. ಮೊನ್ನೆ ಶ್ರಾವಣದ ಭಜನೆಗೆ ಬರಲೇ ಎಂದು ಅವ್ವನಿಗೆ ಫೋನು ಮಾಡಿದ್ದೆ. ಹಾರ್ಮೋನಿಯಂ ಪೇಟಿಯ ಬದಿಗೆ ನಾನು ಕೂರುತ್ತಿದ್ದಲ್ಲಿ ಈಗ ಓಣಿಯ ಹೊಸ ಸೊಸೆ ಕೂರುತ್ತಾಳಂತೆ, ಬಹಳ ಚೆನ್ನಾಗಿ ಹಾಡುತ್ತಾಳಂತೆ. "ನೀ ಬಾರವಾ, ಯಾವ್ದಾರ ಮೂಲ್ಯಾಗ ಕುಂಡ್ರಾಕ ಜಾಗಾ ಆಕ್ಕೈತಿ" ಅಂದಳು ಅವ್ವ. ನಾನು ಹೋಗಲಿಲ್ಲ. ಅಲ್ಲಿ ನನ್ನ ಜಾಗದಲ್ಲಿ ಯಾರೋ ಕೂತಿದ್ದಾಳೆ, ಇಲ್ಲಿ ನಾನು ನಿಂಗಮ್ಮನ ಜಾಗದಲ್ಲಿ ಕೂತಿದ್ದೇನೆ.