ಅಪ್ಪನ ಮುಚ್ಚಿದ ಕಣ್ಣು

ಸಂಕ್ರಾಂತಿ ಕಳೆದಿತ್ತು, ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಅತ್ತೆ ಮತ್ತು ನಾನು ಮಲ್ಲೇಶ್ವರದಿಂದ ಗಾಂಧಿ ಬಜಾರಿಗೆ ಹೊರಟೆವು. ಅಪ್ಪನ ವರ್ಷಾಬ್ದಿಕ ಹತ್ತಿರ ಬಂದಿತ್ತು. ಹಾರ ಹಾಕಲು ಅವರದೊಂದು ಫೋಟೊ ಇರಲಿಲ್ಲ. ಅಪ್ಪ ಅಮ್ಮನ ಮದುವೆಯ ಪಟವನ್ನು ಎಂದೋ ಗೆದ್ದಲು ತಿಂದಿತ್ತು. ಉಳಿದದ್ದು ಅಪ್ಪನ ತಂಗಿಯಾದ ಈ ಅತ್ತೆಯ ಮದುವೆಯ ಗುಂಪು ಚಿತ್ರ. ಅದರಲ್ಲಿ ಮದುಮಗಳ ಹಿಂದೆ ನಿಂತ ಅಪ್ಪ ಕಣ್ಣು ಮುಚ್ಚಿಬಿಟ್ಟಿದ್ದರು.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ, ಚಾಮರಾಜಪೇಟೆ ದಾಟಿ ಇಳಿದಾಗ ಬಿಸಿಲೇರಿತ್ತು. ಬಜಾರಿನ ಉದ್ದಕ್ಕೂ ಅವರೆಕಾಯಿ ರಾಶಿ. ಅಪ್ಪ ಕಾಯಿ ಉಜ್ಜಿ ಸೊನೆಯ ವಾಸನೆ ನೋಡಿ, ಆ ಬೆರಳನ್ನು ನನ್ನ ಮೂಗಿಗೂ ಹಿಡಿಯುತ್ತಿದ್ದರು. ಪ್ರತಿ ವರ್ಷವೂ ಹಿಡಿಯುತ್ತಿದ್ದರೋ, ಒಮ್ಮೆ ಹಿಡಿದದ್ದನ್ನು ನಾನೇ ಬೆಳೆಸಿಕೊಂಡೆನೋ, ಹೇಳಲಾರೆ.

ಫೋಟೊ ಸ್ಟುಡಿಯೋದವರು ಚಿತ್ರವನ್ನು ಬೆಳಕಿಗೆ ಹಿಡಿದರು. "ಇವರೊಬ್ಬರನ್ನೇ ತೆಗೆದು ದೊಡ್ಡದು ಮಾಡ್ಕೊಡ್ತೀವಿ. ಕಣ್ಣು ಬರೆದ್ರಾಯ್ತು. ಎಲ್ಲರೂ ಹಾಗೇ ಮಾಡಿಸ್ಕೊಳ್ತಾರೆ. ಹೇಗಿತ್ತಮ್ಮಾ ಕಣ್ಣು?"

"ದೊಡ್ಡದು," ಎಂದರು ಅತ್ತೆ.

"ಸಣ್ಣದು," ಎಂದೆ ನಾನು.

"ಅಣ್ಣ ಕನ್ನಡಕ ಹಾಕ್ಕೊಂಡ ಮೇಲೆ ಹುಟ್ಟಿದೋಳು ನೀನು. ನಿಂಗೇನೇ ಗೊತ್ತು?"

ಕಡ್ಡಿಗೆ ದಾರ ಸುತ್ತಿದ್ದ ಆ ಕನ್ನಡಕ ನೆನಪಿಗೆ ಬಂತು. ಅದರ ಹಿಂದಿನ ಕಣ್ಣು ಬರಲಿಲ್ಲ.

"ಜಗಳ ಯಾಕೆ? ಮಗಳ ಕಣ್ಣು ನೋಡ್ಕೊಂಡೇ ಬರೆಯೋಣ. ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದು ಅವರು ದೀಪ ಹಾಕಿದರು. ಕೂತೆ, ಕೂತ ಕೂಡಲೇ ಹೆದರಿಕೆಯಾಯಿತು. ಇವರು ಬರೆದದ್ದನ್ನೇ ದಿನವೂ ನೋಡುತ್ತ, ನಾಲ್ಕು ವರ್ಷಕ್ಕೆ ಅಪ್ಪನ ಕಣ್ಣು ಹೀಗೇ ಇತ್ತೆಂದು ನಾನು ಆಣೆ ಇಡುತ್ತೇನೆ. ನನ್ನ ನೆನಪಿನ ಬುದ್ಧಿ ನನಗೆ ಗೊತ್ತು.

"ಬೇಡ. ಇದ್ದ ಹಾಗೇ ದೊಡ್ಡದು ಮಾಡಿ."

"ತಲೆ ಕೆಟ್ಟಿದೆಯೇನೇ? ಹೋದ್ಮೇಲೆ ತೆಗೆದ ಫೋಟೊ ಅಂತಾರೆ ಬಂದೋರು!"

"ಅಂದ್ಕೊಳ್ಳಲಿ ಬಿಡಿ ಅತ್ತೆ."

"ಓದಿದೋರ ಹತ್ರ ಮಾತಾಡ್ಬಾರ್ದು," ಎಂದು ಅತ್ತೆ ಸ್ಟುಡಿಯೋದವರಿಗೆ ದೂರು ಹೇಳಿದರು. ಅವರು ಒಳಗೆ ಹೋಗಿ ಚಿತ್ರದ ಪ್ರತಿ ತೆಗೆದುಕೊಂಡು, ಮೂಲವನ್ನು ಅತ್ತೆಯ ಕೈಗೇ ಕೊಟ್ಟರು.

ಕಾಫಿಗೆ ಕರೆದೆ. "ನಿಂದೇ ನಡೀತಲ್ಲ, ನೀನೇ ಕುಡಿ," ಎಂದರು. ಮೆಜೆಸ್ಟಿಕ್ಕಿನಲ್ಲಿ ಮತ್ತೆ ಬಸ್ಸು ಬದಲಿಸಿದೆವು. ಎರಡನೆಯ ಬಸ್ಸು ಓಕಳಿಪುರಂ ಹತ್ತಿರ ನಿಧಾನವಾದಾಗ, ಅತ್ತೆ ಚೀಲದಿಂದ ಚಿತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಯಾರೇನಂದ್ರೆ ನಂಗೇನು? ಒಂದ್ಸಲ ನನ್ನ ಕಡೆ ನೋಡ್ಲಿ ಅಂತಿತ್ತು ಕಣೇ. ಅಷ್ಟೇ."

ಬಸ್ಸು ಕುಲುಕಿತು, ಚಿತ್ರ ಜಾರದಂತೆ ಅತ್ತೆ ಒತ್ತಿ ಹಿಡಿದರು. ಅವರ ಹೆಬ್ಬೆರಳು ಅಪ್ಪನ ಕಣ್ಣುಗಳ ಮೇಲೆ ಬಿತ್ತು. ಕೆಳಗೆ ಉಳಿದದ್ದು ತುಟಿ, ಗಲ್ಲ ಮಾತ್ರ. ನಗು ತಡೆದುಕೊಳ್ಳುವಾಗ ಅಪ್ಪ ತುಟಿಯನ್ನು ಹಾಗೇ ಒಂದು ಕಡೆಗೆ ಬಿಗಿಯುತ್ತಿದ್ದರು. ಇಷ್ಟು ದಿನ ಚಿತ್ರದಲ್ಲಿ ಕಣ್ಣನ್ನೇ ಹುಡುಕುತ್ತ ಅದನ್ನು ನೋಡಿರಲೇ ಇಲ್ಲ.

"ಅತ್ತೆ, ಬೆರಳು ತೆಗೀಬೇಡಿ," ಎಂದೆ.

ಯಾಕೆಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿದರು. ಮಲ್ಲೇಶ್ವರ ಬರುವವರೆಗೂ ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದರು.