ಗ್ರಂಥದಲ್ಲಿಲ್ಲದ ಗೋಪುರ

ನಮ್ಮ ದೊಡ್ಡಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಊಟಕ್ಕೆ ಕೂತರೂ ನಡುವೆ ಎದ್ದು ಕಿಟಕಿಯಾಚೆ ಇಣುಕಬೇಕು. ಊರ ನಡುವಿನ ಹಳೆಯ ಕಲ್ಲುಗೋಪುರವನ್ನು ಬಂದವರಿಗೆ ಸುತ್ತಿಸಿ ತೋರಿಸುವ ಗೈಡ್ ಕೆಲಸ ಅವರಿಗೆಂದೇ ಹೇಳಿ ಮಾಡಿಸಿದ್ದು. ಒಂದೇ ಒಂದು ಪ್ರಶ್ನೆಗೆ ಅವರ ನಾಲಿಗೆ ತೊಡರುತ್ತಿತ್ತು: "ಗ್ರಂಥದ ಕಾಲದ್ದೇ ಅಂತೀರಿ. ಇಷ್ಟು ದೊಡ್ಡದು ಗ್ರಂಥದಲ್ಲಿ ಯಾಕಿಲ್ಲ?"

ಗ್ರಂಥವೆಂದರೆ ನಮ್ಮೂರಿನ ಹಿಂದಿನವರು ಕಟ್ಟಿದ ಹಾಡುಗಳ ಹಳೆಯ ಪುಸ್ತಕ. ಅವರಮ್ಮನಿಗೆ, ಅಂದರೆ ನಮ್ಮಜ್ಜಿಗೆ, ಅದು ಪೂರ್ತಿ ಬಾಯಿಪಾಠ. ಕಣ್ಣು ಹೋದ ಮೇಲೆ ಅವಳಿಗೆ ಅದೇ ಹಗಲು, ಅದೇ ಕೆಲಸ.

"ಬರೆದವರ ಕಣ್ಣೆದುರಿಗೇ ಇತ್ತಲ್ಲೋ, ದಿನಾ ಕಾಣೋದನ್ನ ಯಾರು ಬರೀತಾರೆ?" ಎನ್ನುತ್ತಿದ್ದಳು. "ಗೋಪುರ ರಾಜನ ಸಡಗರ. ಹಾಡು ಬರೆದವರ ಸಂಕಟವೇ ಬೇರೆ. ನಿಮ್ಮಪ್ಪ ಹೋದಾಗ ತಂಗಿಗೆ ಕಾಗದ ಬರೆದೆಯಲ್ಲ, ಅದರಲ್ಲಿ ಗೋಪುರದ ಸುದ್ದಿ ಇತ್ತೇನೋ?"

ಮಾತು ಸರಿಯೇ. ಆದರೆ ಅದನ್ನು ಹೇಳಿದರೆ ಬಂದವರ ಮುಖ ಸಪ್ಪಗಾಗುತ್ತಿತ್ತು, ದೊಡ್ಡಪ್ಪನಿಗೆ ಅದು ತಡೆಯದು. ಒಮ್ಮೆ ಗ್ರಂಥದ ಧಾಟಿಯಲ್ಲೇ ಒಂದು ಸಾಲು ಹೊಸೆದು, ಗ್ರಂಥದ್ದೇ ಎಂದುಬಿಟ್ಟರು: "ಮುಗಿಲ ಮುಟ್ಟಿದ ಕಲ್ಲ ಕಂಡೆ, ಮನವೇ ತಲೆಬಾಗು." ಬಂದವರು ಭಲೇ ಎಂದರು. ಉಳಿದ ಗೈಡುಗಳೂ ಅದನ್ನೇ ಹಿಡಿದುಕೊಂಡರು. ಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ, ಪುಣ್ಯಾತ್ಮ!

ಪಕ್ಕದ ಮನೆಯ ಟೈಲರಮ್ಮ ಒಂದು ಸಂಜೆ ಬಂದು, "ಗೋಪುರದ ಮೇಲೆ ಗ್ರಂಥದಲ್ಲಿ ಎಷ್ಟು ಚೆಂದದ ಸಾಲಿದೆ ಅಲ್ವಾ ಅಜ್ಜಿ?" ಎಂದು ಅದನ್ನು ಹೇಳಿಯೇಬಿಟ್ಟಳು. ಅಜ್ಜಿ ಬಿಳಿಚಿಕೊಂಡಳು.

ಅಂದಿನಿಂದ ನಿದ್ದೆಯಿಲ್ಲ. ಮೊದಲ ಸಾಲಿನಿಂದ ಹೇಳುತ್ತಾಳೆ, ನಿಲ್ಲುತ್ತಾಳೆ, ಮತ್ತೆ ಮೊದಲಿನಿಂದ. "ಎಲ್ಲಿ ಬಿಟ್ಟೆನೇ? ನನ್ನ ತಲೆ ಹೋಯ್ತಲ್ಲೇ!" ಎಂದು ನನ್ನ ಕೈ ಹಿಂಡುತ್ತಾಳೆ. ಅವಳಕ್ಕ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಮರೆತಿದ್ದಳು. ಅಜ್ಜಿಗೆ ಸಾವಿಗಿಂತ ಆ ಮರೆವಿನದೇ ಭಯ. ನಾನು ಪುಸ್ತಕ ತಡಕಿ ಅಂಥ ಸಾಲೇ ಇಲ್ಲ ಎಂದರೆ, "ಹಳೇ ಲಿಪಿ ನಿನಗೇನು ಬರುತ್ತೆ, ಸುಮ್ಮನಿರು" ಎಂದು ಗದರಿದಳು. ದೊಡ್ಡಪ್ಪ ಅಡುಗೆಮನೆಗೂ ಬಾಗಿಲಿಗೂ ಶತಪಥ ಹಾಕುತ್ತಿದ್ದರು.

ವಾರ ಕಳೆದ ಮೇಲೆ ಹಾಸಿಗೆಯ ಪಕ್ಕ ಬಂದು ನಿಂತರು. "ಅಮ್ಮಾ, ನೀನೇನೂ ಮರೆತಿಲ್ಲ. ಆ ಸಾಲು ನಾನು ಕಟ್ಟಿದ್ದು."

ನನಗೆ ಮೈಯೆಲ್ಲ ಉರಿಯಿತು. "ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ ದೊಡ್ಡಪ್ಪ?"

ಅಜ್ಜಿ ಮಾತ್ರ ನಕ್ಕಳು. "ಅಯ್ಯೋ ಪಾಪಿ, ಜೀವ ತಿಂದೆಯಲ್ಲೋ! ಹಾಗಾದ್ರೆ ನನ್ನ ತಲೆ ನೆಟ್ಟಗಿದೆ." ಆಗಲೇ ಎದ್ದು ಕೂತು ಹೇಳತೊಡಗಿದಳು. ಹಸಿದವರ ಸಾಲುಗಳು, ಸತ್ತವರಿಗಾಗಿ ಅತ್ತವರ ಸಾಲುಗಳು ಒಂದೊಂದಾಗಿ ಬಂದವು. ದೊಡ್ಡಪ್ಪ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅವಳ ಬಾಯಿಂದ, ಅದೇ ರಾಗದಲ್ಲಿ, "ಮುಗಿಲ ಮುಟ್ಟಿದ ಕಲ್ಲ ಕಂಡೆ" ಎಂದು ಬಂತು.

ಗಕ್ಕನೆ ನಿಲ್ಲಿಸಿದಳು. ಹಿಂದಿನ ಸಾಲಿಗೆ ಹೋಗಿ ಮತ್ತೆ ಹಿಡಿದಳು. ಮತ್ತೆ ಅದೇ. ನಾನು ಪುಸ್ತಕ ನೋಡಿ ನಿಜವಾದ ಸಾಲು ಹೇಳಿಕೊಟ್ಟೆ, ನನ್ನ ಹಿಂದೆಯೇ ಹೇಳಿದಳು. ಮೇಲಿನ ಸಾಲಿನಿಂದ ಹೇಳಿಕೊಂಡು ಬಂದಾಗ ಮತ್ತೆ ಆ ಕಲ್ಲಿನ ಸಾಲೇ.

"ಹುಡುಕಿ ಹುಡುಕಿ ನಾನೇ ಅದಕ್ಕೆ ಒಳಗೆ ಜಾಗ ಮಾಡಿಕೊಟ್ಟುಬಿಟ್ಟೆ," ಎಂದಳು. ಆಮೇಲೆ ಮಗನ ಕೈಗಾಗಿ ತಡಕಾಡಿದಳು. "ಇದನ್ನ ತೆಗಿಯೋ. ನನ್ನ ಕೈಲಾಗ್ತಿಲ್ಲ."