ಭಾನುವಾರದ ಯೋಧ

ವಿಡಿಯೋ ಗೇಮಿನ ಕಾಳಗಕ್ಕೆ ಯೋಧನನ್ನು ಸಜ್ಜುಗೊಳಿಸುವುದರಲ್ಲಿ ನಮ್ಮ ಲಿಫ್ಟ್ ಮೆಕ್ಯಾನಿಕ್ಕನನ್ನು ಮೀರಿಸುವವರಿಲ್ಲ. ಕೆಟ್ಟ ಲಿಫ್ಟಿನ ಕೆಳಗೆ ಮಲಗಿದ್ದರೂ ಸರಿ, ಯಾರಾದರೂ ಸಲಹೆ ಕೇಳಿದರೆ ಸ್ಪ್ಯಾನರ್ ಪಕ್ಕಕ್ಕಿಟ್ಟು, "ಎದುರಿಗಿರೋದು ಯಾರು ಅಂತ ಮೊದಲು ಹೇಳಿ, ಕತ್ತಿನೋ ಮಂತ್ರನೋ ಆಮೇಲೆ ನೋಡೋಣ" ಎನ್ನುತ್ತಾನೆ. ಒಂದು ಗುರಾಣಿ ಆರಿಸಲು ಮೂರು ದಿನ ತೆಗೆದುಕೊಳ್ಳುತ್ತಾನೆ. ಮನೆ ಕೊಳ್ಳುವವರೂ ಇಷ್ಟು ಅಳೆದು ತೂಗುವುದಿಲ್ಲ. ಆದರೆ ಅವನು ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಅಕ್ಕನ ಜೊತೆಗಿನ ಭಾನುವಾರದ ಕಾಳಗಕ್ಕೆ. ಲಕ್ವ ಹೊಡೆದ ಮೇಲೆ ಒಂದೇ ಕೈಯಲ್ಲಿ ಆಡುವ ಅಕ್ಕ ಬೆಂಕಿ ತಾಗದ ಕವಚ ತೊಟ್ಟಿರುತ್ತಾಳೆಂದು ಗೊತ್ತಿದ್ದೇ, ತನ್ನ ಯೋಧನ ಶಕ್ತಿಯನ್ನೆಲ್ಲ ಬೆಂಕಿಯ ಮಂತ್ರಕ್ಕೆ ಸುರಿಯುತ್ತಾನೆ. ಕೂದಲೆಳೆಯ ಅಂತರದಲ್ಲಿ ಸೋಲುತ್ತಾನೆ. "ಊರಿಗೆಲ್ಲ ಬುದ್ಧಿ ಹೇಳ್ತೀಯ," ಎಂದು ಅಕ್ಕ ಗೆದ್ದ ಖುಷಿಯಲ್ಲಿ ಗದರುತ್ತಾಳೆ, "ಎದುರಿಗಿರೋದು ಯಾರು ಅಂತ ನೀನು ಮೊದಲು ನೋಡ್ಕೊಳ್ಳೋ!"